ಮೂರನೆಯ ಹೊತ್ತಗೆಯ ಬದಲಾವಣೆ ಕುರಿತು ಚಂದಾದಾರರಿಗೆ ಪತ್ರ

ಮಾನ್ಯರೇ,

ಮುದ್ರಣದ ಇತಿಹಾಸವನ್ನು ಕುರಿತು ನಮ್ಮ ಸಹಕಾರ ಸಂಘವು ಹೊರತರುತ್ತಿರುವ ಮಾಲೆಯ ಮೂರನೆಯ ಹೊತ್ತಗೆ ಈ ತಿಂಗಳು ತಮ್ಮ ಕೈಸೇರಬೇಕಾಗಿತ್ತು. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಪ್ರಾಟೆಸ್ಟಂಟ್ ಭಕ್ತಿಗ್ರಂಥಗಳನ್ನು ಅಚ್ಚು ಹಾಕಿದವರ ಬಗೆಗಿನ ಆ ಹೊತ್ತಗೆಯ ಮೊದಲ ಫಾರಂಗಳು (ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳು) ಅಚ್ಚಾದ ಮೇಲೆ, ನಾವೇ ಕೆಲಸ ನಿಲ್ಲಿಸಿದ್ದೇವೆ. ಅದು ಎರಡು ತಿಂಗಳು ತಡವಾಗಿ, ಹೆಚ್ಚು ಪುಟಗಳೊಂದಿಗೆ, ‘ಮುದ್ರಕರು’ ಎಂಬ ಹೆಸರಿನ ಬದಲು ‘ಪುಸ್ತಕ ವ್ಯಾಪಾರಿಗಳು ಮತ್ತು ಮುದ್ರಕರು’ ಎಂಬ ಹೆಸರಿನಲ್ಲಿ ಬರಲಿದೆ.

ಇದಕ್ಕೆ ಕಾರಣ ಒಂದು ಪ್ರತ್ಯಯದಲ್ಲಿ ನಾವು ಮಾಡಿದ ತಪ್ಪು. ಕನ್ನಡಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ವೆಂದು ಬಂದ, ಇಂಗ್ಲಿಷ್ ಲೇಖಕ ಜಾನ್ ಬನಿಯನ್ನನ ಭಕ್ತಿಕೃತಿ 1678ರಲ್ಲಿ ಮೊದಲು ಪ್ರಕಟವಾದಾಗ, ಅದರ ಶೀರ್ಷಿಕೆ ಪುಟದ ಕೆಳತುದಿಯಲ್ಲಿದ್ದ ಸಾಲನ್ನು ನಾವು ‘ನಥಾನಿಯಲ್ ಪಾಂಡರ್‌ನಿಂದ ಮುದ್ರಿತ’ ಎಂದು ಅನುವಾದಿಸಿದ್ದೆವು. ಮೂಲದಲ್ಲಿರುವುದು ‘ಪಾಂಡರ್‌ಗಾಗಿ ಮುದ್ರಿತ’ ಎಂದು; ಅದರ ಬೆನ್ನಿಗೇ ಕಾರ್ನ್‌ಹಿಲ್ ಬಳಿಯ ಪೌಲ್ಟ್ರಿ ಬೀದಿಯಲ್ಲಿದ್ದ, ನವಿಲಿನ ಗುರುತಿನ ಅವನ ಅಂಗಡಿಯ ವಿಳಾಸವಿದೆ. ಮುದ್ರಕನ ಹೆಸರು ಆ ಪುಟದಲ್ಲಿ ಇಲ್ಲವೇ ಇಲ್ಲ.

ಮೂವರು ಕರಡು ತಿದ್ದಿದರೂ ಕಣ್ತಪ್ಪಿದ ಈ ಪ್ರತ್ಯಯವನ್ನು ಒಂದು ತಿದ್ದೋಲೆಯಿಂದ ಸರಿಪಡಿಸಬಹುದಿತ್ತು. ಆದರೆ ಅದನ್ನು ಸರಿಪಡಿಸಿದೊಡನೆ ಇಡೀ ಹೊತ್ತಗೆಯ ನಾಯಕನೇ ಬದಲಾಗುತ್ತಾನೆ. ಕಾಗದ ಕೊಂಡು, ಅಚ್ಚಿನ ಕೂಲಿ ಕೊಟ್ಟು, ಪ್ರತಿಗಳು ಖರ್ಚಾಗದಿದ್ದರೆ ನಷ್ಟ ಹೊರುತ್ತಿದ್ದವನು ಪಾಂಡರ್‌ನಂಥ ವ್ಯಾಪಾರಿ. ಮುದ್ರಕ ಅವನಿಗಾಗಿ ಕೂಲಿಗೆ ಅಚ್ಚು ಹಾಕಿಕೊಡುತ್ತಿದ್ದ. ಅಪಾಯ ಹಣದ್ದಷ್ಟೇ ಆಗಿರಲಿಲ್ಲ. ಇಂಗ್ಲೆಂಡಿನ 1662ರ ಮುದ್ರಣ ಕಾಯಿದೆಯ ಪ್ರಕಾರ ಪುಸ್ತಕಗಳಿಗೆ ಮುಂಚಿತವಾಗಿ ಅನುಮತಿ ಪಡೆಯಬೇಕಿತ್ತು, ಅಧಿಕೃತ ಚರ್ಚನ್ನು ಒಪ್ಪದವರ ಬರಹಗಳ ಮೇಲಂತೂ ವಿಶೇಷ ಕಣ್ಣಿತ್ತು. ಬನಿಯನ್ನನ ಹಿಂದಿನ ಕೃತಿಗಳನ್ನು ಪ್ರಕಟಿಸಿದ್ದ ಫ್ರಾನ್ಸಿಸ್ ಸ್ಮಿತ್ ಮತ್ತೆ ಮತ್ತೆ ಸೆರೆ ಕಂಡ. ಅನುಮತಿಯಿಲ್ಲದ ಕಿರುಹೊತ್ತಗೆಯೊಂದನ್ನು ಅಚ್ಚಿಗೆ ಒಯ್ದನೆಂದು ಪಾಂಡರ್ ಸಹ 1676ರಲ್ಲಿ ಬಂಧನಕ್ಕೊಳಗಾಗಿದ್ದ. ಅದಾದ ಎರಡೇ ವರ್ಷದಲ್ಲಿ ಅವನು, ನಂಬಿಕೆಗಾಗಿ ಹನ್ನೆರಡು ವರ್ಷ ಜೈಲಿನಲ್ಲಿ ಕಳೆದಿದ್ದ ಲೇಖಕನ ಪುಸ್ತಕಕ್ಕೆ ಬಂಡವಾಳ ಹಾಕಿ, ರಟ್ಟು ಕಟ್ಟಿದ ಪ್ರತಿಗೆ ಒಂದು ಶಿಲ್ಲಿಂಗ್ ಆರು ಪೆನ್ನಿಯಂತೆ ಮಾರಾಟಕ್ಕಿಟ್ಟ. ಇಂಥವನನ್ನು ನಾವು ಬರಿಯ ಅಚ್ಚಿನವನೆಂದು ಕರೆದು ಮುಂದೆ ಸಾಗಿದ್ದೆವು ಎಂಬುದು ನಮಗೆ ನಿಜಕ್ಕೂ ನೋವಿನ ಸಂಗತಿ.

ಹೊಸದಾಗಿ ಸೇರಿಸುತ್ತಿರುವ ಅಧ್ಯಾಯವು 1680ರ ನಾಲ್ಕನೆಯ ಆವೃತ್ತಿಯಲ್ಲಿ ಪಾಂಡರ್ ತನ್ನ ಗ್ರಾಹಕರಿಗೆಂದೇ ಅಚ್ಚು ಹಾಕಿಸಿದ ಒಂದು ಪ್ರಕಟಣೆಯ ಸುತ್ತ ಇದೆ. ಥಾಮಸ್ ಬ್ರಾಡಿಲ್ ಎಂಬ ಮುದ್ರಕನೂ ಇತರರೂ ಪುಸ್ತಕದ ಕಳ್ಳ ಪ್ರತಿಗಳನ್ನು ಅಚ್ಚು ಹಾಕಿದ್ದಾರೆಂದು ದೂರಿ, ಅವನ್ನು ಗುರುತಿಸುವ ಬಗೆಯನ್ನು ಅವನು ಅಲ್ಲಿ ಹೇಳಿಕೊಡುತ್ತಾನೆ: ಖೋಟಾ ಪ್ರತಿಯಲ್ಲಿ ಟಿಪ್ಪಣಿಗಳು ‘ಲಾಂಗ್ ಪ್ರೈಮರ್’ ಅಳತೆಯ, ಸವೆದು ಹೋದ, ಓದಲಾಗದ ಹಳೆಯ ಮೊಳೆಗಳಲ್ಲಿ (ಅಚ್ಚಿನ ಲೋಹದ ಅಕ್ಷರಗಳಲ್ಲಿ) ಇರುತ್ತವೆ, ಅಸಲಿ ಪ್ರತಿಯಲ್ಲಿ ಅಕ್ಷರಗಳು ಸ್ಪಷ್ಟವಾಗಿದ್ದು, ಟಿಪ್ಪಣಿಗಳು ಅದಕ್ಕಿಂತ ಚಿಕ್ಕದಾದ ‘ಬ್ರೆವಿಯರ್’ ಮೊಳೆಗಳಲ್ಲಿರುತ್ತವೆ. ಕೊಳ್ಳುವವರು ಅಂಗಡಿಯಲ್ಲಿ ನಿಂತು ಮೊಳೆಯ ಅಳತೆ ನೋಡಬಲ್ಲರೆಂದು ಅವನು ನಂಬಿದ್ದ. ಮೊಳೆ ಜೋಡಿಸಿಯೇ ಕೆಲಸ ಕಲಿತ ನಮ್ಮ ಹಿರಿಯ ಸದಸ್ಯರು ಈ ಭಾಗವನ್ನು ಓದಿಸಿಕೊಂಡು, ಎರಡೂ ಅಳತೆಗಳ ಮಾದರಿ ಸಾಲುಗಳನ್ನು ಅಕ್ಕಪಕ್ಕದಲ್ಲಿ ಕೊಡಲೇಬೇಕೆಂದು ಒತ್ತಾಯಿಸಿದರು; ಹಾಗೆಯೇ ಕೊಡುತ್ತಿದ್ದೇವೆ.

ಪುಟಗಳು ಹೆಚ್ಚಿದರೂ ಈಗಾಗಲೇ ಚಂದಾ ಕಟ್ಟಿದವರು ಹೆಚ್ಚುವರಿ ಹಣವನ್ನಾಗಲಿ ಅಂಚೆ ವೆಚ್ಚವನ್ನಾಗಲಿ ಕೊಡಬೇಕಾಗಿಲ್ಲ. ಕಾಯಲು ಇಷ್ಟವಿಲ್ಲದವರು ಪತ್ರ ಬರೆದರೆ ಈ ಹೊತ್ತಗೆಯ ಪಾಲಿನ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸುತ್ತೇವೆ. ಎರಡನೆಯ ಹೊತ್ತಗೆಯ ಚಿತ್ರವೊಂದರ ಕೆಳಗೂ ಇದೇ ತಪ್ಪು ನುಸುಳಿರುವುದರಿಂದ, ಅದಕ್ಕೆ ಅಂಟಿಸಿಕೊಳ್ಳಲು ಸರಿಪಡಿಸಿದ ಸಾಲಿನ ಚೀಟಿಯನ್ನು ಈ ಪತ್ರದೊಂದಿಗೆ ಇಟ್ಟಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸಂಘದ ಸದಸ್ಯರೆಲ್ಲರ ಪರವಾಗಿ