ಗುಜರಿ ಯಾರ್ಡಿನ ಆ ಯಜಮಾನರಿಗೆ

ಬರ್ಮಿಂಗ್‌ಹ್ಯಾಮಿನ ಗುಜರಿ ಯಾರ್ಡಿನ ಆ ಹಿರಿಯರ ಹೆಸರನ್ನೂ ಕೇಳದೆ ಬಂದುಬಿಟ್ಟೆವಲ್ಲ, ಆ ನಾಚಿಕೆಗೆ ಈ ಬರಹ.

ಯುರೋಪಿನಿಂದ ಮಂಗೋಲಿಯಾದ ಕಡೆಗೆ, ಸೇವಾಕಾರ್ಯಕ್ಕೆ ದೇಣಿಗೆ ಎತ್ತುತ್ತಾ ಕಾರಿನಲ್ಲಿ ಹೋಗುವ ಮಂಗೋಲ್ ರ‍್ಯಾಲಿಗೆ ಸಣ್ಣ ಎಂಜಿನ್ನಿನ ಕಾರೇ ಆಗಬೇಕು. ನಮ್ಮದು 998 ಸಿಸಿಯ ಹಳೇ ನಿಸಾನ್ ಮೈಕ್ರಾ. ಹೋಗಿದ್ದು ಒಂದು ಸ್ಟೆಪ್ನಿಗೆ. ಅವರು ಕಾರಿನಡಿ ಬಗ್ಗಿ ನೋಡಿ, ಎಂಜಿನ್ನಿನಡಿಯ ಆಯಿಲ್ ತೊಟ್ಟಿಯನ್ನು, ಅಂದರೆ ಸಂಪನ್ನು, ಹೀಗೆ ಬರಿಮೈಯಲ್ಲಿ ಬಿಟ್ಟುಕೊಂಡು ಪಾಮಿರ್ ಬೆಟ್ಟ ಹತ್ತುತ್ತೀರಾ ಎಂದು ಗದರಿದರು. ಊಟ ಬಿಟ್ಟು ದಪ್ಪ ಅಲ್ಯೂಮಿನಿಯಂ ತಗಡು ಕತ್ತರಿಸಿ, ಬೋಲ್ಟ್ ಹಾಕಿ, ಆಯಿಲ್ ಇಳಿಸಲು ತೂತನ್ನೂ ಕೊರೆದರು. (ಆ ತೂತು ನಮಗೆ ಹೊಳೆಯುತ್ತಲೇ ಇರಲಿಲ್ಲ!) ದುಡ್ಡು ಕೊಡಹೋದರೆ ನಮ್ಮ ದೇಣಿಗೆ ಡಬ್ಬಿಯತ್ತ ಬೆರಳು ತೋರಿಸಿದರು.

ತಜಿಕಿಸ್ತಾನದ ಪಾಮಿರ್ ಬೆಟ್ಟಗಳಲ್ಲಿ, 4655 ಮೀಟರ್ ಎತ್ತರದ ಅಕ್‌ಬೈತಾಲ್ ಘಾಟಿಯಲ್ಲಿ ಕಲ್ಲು ಬಡಿದಾಗಲೆಲ್ಲ ತಗಡು ಢಣ್ ಎನ್ನುತ್ತಿತ್ತು. ಆಯಿಲ್ ಸಂಪ್‌ಗೆ ಒಂದು ಗೀರೂ ಬೀಳಲಿಲ್ಲ. ಯಜಮಾನರೇ, ತಗಡು ಇನ್ನೂ ಕಾರಿನಲ್ಲೇ ಇದೆ, ಸೊಟ್ಟಗಾಗಿ.