ಅಂಗನವಾಡಿಯ ಆ ಅಕ್ಕನಿಗೆ
ಎರಡು ವರ್ಷದ ಮಗು ಓಡುತ್ತಲೇ ತಿನ್ನುತ್ತದೆ, ತಿನ್ನುತ್ತಲೇ ಮಾತಾಡುತ್ತದೆ. ಬಾಯಲ್ಲಿ ಇಡೀ ಕಡಲೆಬೀಜವಿದ್ದರೆ ಉಸಿರೆಳೆದಾಗ ಶ್ವಾಸನಾಳಕ್ಕೇ ಜಾರಬಹುದು. ಅರೆಯುವ ದವಡೆಹಲ್ಲು ಇನ್ನೂ ಪೂರ್ತಿ ಬಂದಿರುವುದಿಲ್ಲ. ಬಾಗಿಲಲ್ಲೇ ಅಪ್ಪ-ಅಮ್ಮಂದಿರನ್ನು ನಿಲ್ಲಿಸಿ ಇದನ್ನೆಲ್ಲ ಬಿಡಿಸಿ ಹೇಳಿದ ಅಕ್ಕಾ, ನಿಮಗೆ ಕೈಮುಗಿದು ಧನ್ಯವಾದ.

ಕಡಲೆಬೀಜ ಹುರಿದು ನುಣ್ಣಗೆ ಪುಡಿಮಾಡಿ ಅನ್ನಕ್ಕೆ ಕಲಸಿ, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಅಂದಿರಿ. ಅಡ್ಡ ಕೊಯ್ದರೆ ಆ ಗುಂಡು ತುಂಡು ಗಂಟಲಿಗೆ ಬಿರಡೆಯ ಹಾಗೆ ಕೂತುಬಿಡುತ್ತದೆ. ಸಿಕ್ಕಿಕೊಂಡಾಗ ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ದನಿಯೇ ಹೊರಡದಿದ್ದರೆ ಮುಂದಕ್ಕೆ ಬಗ್ಗಿಸಿ, ಬೆನ್ನ ಮೇಲೆ ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ 5 ಪೆಟ್ಟು. ಬಾರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ತುಸು ಮೇಲಕ್ಕೆ 5 ಒತ್ತು, ಪಕ್ಕದವರು 108ಕ್ಕೆ ಫೋನ್. ಕಾಣದ ತುಂಡಿಗೆ ಬೆರಳು ಹಾಕಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ ಎಂದು ಎರಡೆರಡು ಸಲ ಹೇಳಿದಿರಲ್ಲ, ಅದಕ್ಕೆ ಇನ್ನೊಂದು ನಮಸ್ಕಾರ.