ನಿರ್ಮಾಪಕನ ವರ್ಷಗಳು ದಂಡವಲ್ಲ: ಗೆಳೆಯನಿಗೊಂದು ಪತ್ರ

ಪ್ರೀತಿಯ ಶಿವು,

ಬೇರೆಯವರ ಸಿನಿಮಾಗೆ ದುಡ್ಡು ಹೊಂದಿಸಿ ಹೊಂದಿಸಿ ಸಾಕಾಗಿದೆ, ಇನ್ನು ನನ್ನದೇ ಸಾಕ್ಷ್ಯಚಿತ್ರ ಮಾಡುತ್ತೇನೆ ಅಂತ ಬರೆದಿದ್ದೀಯ. ಖಂಡಿತ ಮಾಡು. ಆದರೆ ನಿರ್ಮಾಪಕನಾಗಿ ಕಳೆದ ವರ್ಷಗಳೆಲ್ಲ ದಂಡವಾದವು ಅಂದೆಯಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ. ಯಾಕೆ ಅಂತ ಹೇಳೋಕೆ ನಿನಗೆ ಜಾಕ್ ಪೆರಾನ್ ಕತೆ ಹೇಳಬೇಕು.

‘ಸಿನಿಮಾ ಪ್ಯಾರಡಿಸೊ’ ಚಿತ್ರದ ನಡುವಯಸ್ಸಿನ ಸಾಲ್ವತೋರೆ ನೆನಪಿದ್ದಾನಲ್ಲ, ಆ ನಟನೇ ಈತ. 1941ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವನು. ಗ್ರೀಸಿನ ರಾಜಕೀಯ ಕೊಲೆಯೊಂದನ್ನು ಕುರಿತ ‘ಝೆಡ್’ ಚಿತ್ರಕ್ಕೆ ಹಣ ಹೂಡುವವರು ಸಿಗದೆ ನಿರ್ದೇಶಕ ಕೋಸ್ತಾ ಗಾವ್ರಾಸ್ ಕಂಗಾಲಾಗಿದ್ದಾಗ, ಇನ್ನೂ ಮೂವತ್ತು ತುಂಬದ ಪೆರಾನ್ ತನ್ನದೇ ಕಂಪನಿ ಕಟ್ಟಿ ಅಲ್ಜೀರಿಯಾದವರನ್ನು ಜೊತೆಗೆ ಸೇರಿಸಿಕೊಂಡ. ಶೂಟಿಂಗೂ ಅಲ್ಲೇ ಆಯಿತು. 1969ರ ಆ ಚಿತ್ರಕ್ಕೆ ವಿದೇಶಿ ಭಾಷಾ ವಿಭಾಗದ ಆಸ್ಕರ್ ಬಂದದ್ದು ಅಲ್ಜೀರಿಯಾದ ಹೆಸರಿನಲ್ಲಿ! ಮುಂದೆ ಜಾನ್ ಜಾಕ್ ಅನೋ ಎಂಬ ಹೊಸಬನ ಮೊದಲ ಚಿತ್ರ ‘ಬ್ಲ್ಯಾಕ್ ಅಂಡ್ ವೈಟ್ ಇನ್ ಕಲರ್’ ಐವರಿ ಕೋಸ್ಟ್ ಹೆಸರಿನಲ್ಲಿ ಅದೇ ಪ್ರಶಸ್ತಿ ಗೆದ್ದಾಗಲೂ ನಿರ್ಮಾಪಕರಲ್ಲಿ ಇವನಿದ್ದ.

ಸೋಲೂ ಕಂಡವನೇ. ಇರಾನಿನ ಬಾಮ್ ಎಂಬ ಮಣ್ಣಿನ ಕೋಟೆಯಲ್ಲಿ ತೆಗೆದ ‘ದಿ ಡೆಸರ್ಟ್ ಆಫ್ ದಿ ಟಾರ್ಟರ್ಸ್’ (1976) ಅವನನ್ನು ಸಾಲದಲ್ಲಿ ಮುಳುಗಿಸಿತು, ತೀರಿಸಲು ವರ್ಷಗಳೇ ಹಿಡಿದವು. 2003ರ ಭೂಕಂಪದಲ್ಲಿ ಆ ಕೋಟೆ ಕುಸಿಯಿತು. ಮೊದಲು ಹೇಗಿತ್ತೆಂದು ನೋಡಬೇಕಾದರೆ ಇವತ್ತಿಗೂ ಆ ಚಿತ್ರ ಇದೆ. ದುಡ್ಡು ಕಳೆದ ಸಿನಿಮಾಗಳ ಬಗ್ಗೆ ನೀನು ಬೇಜಾರು ಮಾಡಿಕೊಂಡಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಆಮೇಲೆ ಪ್ರಾಣಿಗಳ ಕಡೆ ಹೊರಳಿದ. ಆಗಲೂ ಮೊದಲಿಗೆ ನಿರ್ಮಾಪಕನೇ. ಹುಲ್ಲುಗಾವಲಿನ ಹುಳುಗಳ ಲೋಕವನ್ನು ತೋರಿಸಿದ ‘ಮೈಕ್ರೋಕಾಸ್ಮೋಸ್’ (1996) ನಿರ್ದೇಶಿಸಿದವರು ಬೇರೆ ಇಬ್ಬರು. ಅವರಿಗೆ ವರ್ಷಗಟ್ಟಲೆ ಕಾಯುವ ಅವಕಾಶ ಮಾಡಿಕೊಟ್ಟವನು ಪೆರಾನ್. ವಲಸೆ ಹಕ್ಕಿಗಳ ಕುರಿತ 2001ರ ‘ವಿಂಗ್ಡ್ ಮೈಗ್ರೇಷನ್’ ಹೊತ್ತಿಗೆ ಅವನೇ ನಿರ್ದೇಶಕ, ಜೊತೆಗೆ ಜಾಕ್ ಕ್ಲೂಜೋ ಮತ್ತು ಮಿಶೆಲ್ ದೆಬಾ.

ವಲಸೆ ಹಕ್ಕಿಯ ಪಕ್ಕದಲ್ಲೇ ಹಾರುತ್ತ ಚಿತ್ರೀಕರಿಸುವುದು ಹೇಗೆ ಹೇಳು? ಮೊಟ್ಟೆಯೊಳಗಿದ್ದಾಗಲೇ ಮರಿಗಳಿಗೆ ಮನುಷ್ಯರ ದನಿ, ಎಂಜಿನ್ ಸದ್ದು ಕೇಳಿಸಿದರು. ಒಡೆದು ಬಂದ ಮರಿ ಎದುರಿಗಿದ್ದವರನ್ನೇ ತಾಯಿ ಅಂದುಕೊಂಡಿತು. ಬಾತುಮರಿಗಳ ಈ ಸ್ವಭಾವವನ್ನು ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡಿದ ವಿಜ್ಞಾನಿ ಕಾನ್ರಾಡ್ ಲೊರೆಂಜ್ ಬಹಳ ಹಿಂದೆಯೇ ವಿವರಿಸಿದ್ದ. ಆ ‘ತಾಯಿ’ ಹಗುರ ಅಲ್ಟ್ರಾಲೈಟ್ ವಿಮಾನ ಏರಿದಾಗ ಹಕ್ಕಿಗಳೂ ಹಿಂದೆ ಹಾರಿದವು, ಕ್ಯಾಮೆರಾ ಅವುಗಳ ರೆಕ್ಕೆಯ ಬದಿಗೇ ಹೋಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ, 450ಕ್ಕೂ ಹೆಚ್ಚು ಜನ ಇದಕ್ಕೆ ದುಡಿದರು. ಇಷ್ಟು ಜನರ ಊಟ, ಪರವಾನಗಿ, ಇಂಧನ, ಹವಾಮಾನ ಕೆಟ್ಟು ಖಾಲಿ ಕೂರುವ ದಿನಗಳು, ಇವನ್ನೆಲ್ಲ ನಿಭಾಯಿಸಿದ್ದು ‘ಝೆಡ್’ ಕಾಲದಿಂದ ಪಳಗಿದ ನಿರ್ಮಾಪಕ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಜಾತಿಯವೂ ಆ ಚಿತ್ರದಲ್ಲಿವೆ. ಹಿಮಾಲಯದ ಮೇಲೆ ಅವು ಹಾರುವುದನ್ನು ಕಂಡ ಮೇಲೆ ಕೆರೆಯಂಗಳದ ಹೆಬ್ಬಾತುಗಳ ಬಗ್ಗೆ ನನಗೆ ಗೌರವ ಇಮ್ಮಡಿಯಾಯಿತು.

ಒಂದು ತಕರಾರಿದೆ. ಹಾರಾಟ ನಿಜ, ಆದರೆ ಹಲವು ಹಕ್ಕಿಗಳು ಸಾಕಿದವು ಎಂಬುದನ್ನು ಚಿತ್ರದಲ್ಲೇ ಹೇಳಬೇಕಿತ್ತು. ಆದರೆ ಕಡಲ ಜೀವಿಗಳ ಬಗ್ಗೆ ಅವನು ಮಾಡಿದ ‘ಓಷನ್ಸ್’ನಲ್ಲಿ ಶಾರ್ಕಿನ ರೆಕ್ಕೆ ಕತ್ತರಿಸಿ ನೀರಿಗೆಸೆಯುವ ದೃಶ್ಯಕ್ಕೆ ಯಾಂತ್ರಿಕ ಶಾರ್ಕ್ ಬಳಸಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕ್ರೌರ್ಯವನ್ನು ತೋರಿಸಲು ಇನ್ನೊಂದು ಜೀವ ತೆಗೆಯುವುದು ಯಾವ ನ್ಯಾಯ?

ನಿರ್ದೇಶಕನಾದ ಮೇಲೂ ನಿರ್ಮಾಣ ಬಿಡಲಿಲ್ಲ ಆತ. 2004ರಲ್ಲಿ ಸೋದರಳಿಯ ಕ್ರಿಸ್ಟೋಫ್ ಬರಾತಿಯೆಯ ‘ದಿ ಕೋರಸ್’ಗೆ ಬಂಡವಾಳ ಕೂಡಿಸಿ, ಅದರಲ್ಲಿ ನಟಿಸಿದ. ಫ್ರಾನ್ಸಿನಲ್ಲೇ ಎಂಬತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ನೋಡಿದರು. ತೀರಿಕೊಂಡದ್ದು 2022ರ ಏಪ್ರಿಲ್‌ನಲ್ಲಿ.

ಶಿವು, ಯಾರು ಎಷ್ಟು ದಿನ ಕಾಯಬಲ್ಲರು, ಯಾವ ಬಾಗಿಲು ತಟ್ಟಿದರೆ ಹಣ ಹುಟ್ಟುತ್ತದೆ ಎಂದು ನಿನಗೆ ಗೊತ್ತು. ಮೊದಲ ಸಾಕ್ಷ್ಯಚಿತ್ರಕ್ಕೆ ಕೈಹಾಕುವ ಎಷ್ಟು ಹುಡುಗರಿಗೆ ಇದು ಗೊತ್ತಿರುತ್ತದೆ? ನಿನ್ನ ಬಜೆಟ್ ಪಟ್ಟಿ ಈ ವಾರವೇ ಕಳಿಸು. ಕ್ಯಾಮೆರಾ ಬಾಡಿಗೆಗೆ ಎಷ್ಟು ಅನ್ನುವುದು ಆಮೇಲಿನ ಮಾತು. ಕಾಯುವ ದಿನಗಳಿಗೆ ಎಷ್ಟು ತೆಗೆದಿಟ್ಟಿದ್ದೀಯ ಅಂತ ನಾನು ಮೊದಲು ನೋಡಬೇಕು.

ನಿನ್ನ,
ಬಸು